ಕ್ಷಯದ ನೆರಳಿನಲ್ಲಿ ಕ್ರೋನ್ ಕಾಯಿಲೆ



ಎಂಬತ್ತರ ದಶಕದಲ್ಲಿ ನನ್ನ ಇತಿಹಾಸದ ತರಗತಿಗಳಲ್ಲಿ ಕುಳಿತವರಿಗೆ ಒಂದು ದೃಶ್ಯ ನೆನಪಿರಬಹುದು. ಪಾಣಿಪತ್ ಕದನವೋ, ಸಹಾಯಕ ಸೈನ್ಯ ಪದ್ಧತಿಯೋ ನಡೆಯುತ್ತಿರುವಾಗಲೇ ಮೇಷ್ಟ್ರು ಇದ್ದಕ್ಕಿದ್ದಂತೆ ಸೀಮೆಸುಣ್ಣವನ್ನು ಕೆಳಗಿಟ್ಟು, "ಮುಂದಿನ ಪ್ಯಾರಾ ಮನಸ್ಸಿನಲ್ಲೇ ಓದಿಕೊಳ್ಳಿ" ಎಂದು ಹೇಳಿ ಹೊರಟುಬಿಡುತ್ತಿದ್ದರು. ಹತ್ತು ನಿಮಿಷದ ಮೇಲೆ ಬಿಳಿಚಿದ ಮುಖ ಹೊತ್ತು ಹಿಂದಿರುಗಿ, ಏನೂ ಆಗದವರಂತೆ ಪಾಠ ಮುಂದುವರಿಸುತ್ತಿದ್ದರು. ನೀವು ನನಗೆ "ಮನಸ್ಸಿನಲ್ಲೇ ಮೇಷ್ಟ್ರು" ಎಂದು ಅಡ್ಡಹೆಸರಿಟ್ಟಿದ್ದು ನನಗೆ ಆಗಲೇ ಗೊತ್ತಿತ್ತು. ಹೆಸರಿಟ್ಟವರ ಮೇಲೆ ಕೋಪವಿರಲಿಲ್ಲ; ಕಾರಣ ಹೇಳಲು ಸಂಕೋಚವಿತ್ತು, ಅಷ್ಟೆ.

ಆ ಸಂಕೋಚವನ್ನು ಈಗ ಬಿಡಬೇಕಾಗಿ ಬಂದಿದೆ. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ದೂರವಾಣಿ ಮಾಡಿದ್ದರು. ಅವರ ಹತ್ತೊಂಬತ್ತು ವರ್ಷದ ಮಗನಿಗೆ ಕ್ರೋನ್ ಕಾಯಿಲೆಯೆಂದು ವೈದ್ಯರು ತಿಳಿಸಿದ್ದಾರೆ. ನನಗೂ ಅದೇ ಇದೆಯೆಂದು ಯಾರಿಂದಲೋ ಕೇಳಿ ತಿಳಿದಿದ್ದ ಆಕೆ ಒಂದೇ ಪ್ರಶ್ನೆ ಕೇಳಿದರು: "ಮಾತ್ರೆ ಎಷ್ಟು ತಿಂಗಳು ಸಾರ್?" ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ನಾಲಗೆ ಬರಲಿಲ್ಲ. "ವೈದ್ಯರು ಹೇಳಿದ ಹಾಗೆ ಮಾಡಿಯಮ್ಮ" ಎಂದು ಮಾತು ಮುಗಿಸಿದೆ. ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದವನಿಗೆ ಯಾವ ಪ್ರಶ್ನೆಗೂ ಒಂದು ವಾಕ್ಯದಲ್ಲಿ ಉತ್ತರಿಸಿ ಅಭ್ಯಾಸವಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

1984ರಲ್ಲಿ ನನಗೆ ಮೂವತ್ತನಾಲ್ಕು ವರ್ಷ. ಹೊಟ್ಟೆಯ ಬಲಭಾಗದ ಕೆಳಗೆ ನೋವು, ಸಂಜೆಯಾದರೆ ಸಣ್ಣ ಜ್ವರ, ದಿನಕ್ಕೆ ಎಂಟು ಹತ್ತು ಬಾರಿ ಭೇದಿ. ಅರವತ್ತು ಕಿಲೋ ಇದ್ದವನು ನಲವತ್ತನಾಲ್ಕಕ್ಕೆ ಇಳಿದೆ. ಬೇರಿಯಂ ಕುಡಿಸಿ ಕ್ಷಕಿರಣ ಚಿತ್ರ ತೆಗೆದರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ದಾರಿ ಕಿರಿದಾಗಿತ್ತು. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, "ಕರುಳಿನ ಕ್ಷಯ" ಎಂದರು. ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು, ಐಸೋನಿಯಾಜಿಡ್, ಮೂತ್ರವನ್ನು ಕೆಂಪಾಗಿಸುವ ರಿಫಾಂಪಿಸಿನ್, ಹೀಗೆ ಹದಿನೆಂಟು ತಿಂಗಳ ಚಿಕಿತ್ಸೆ ಆರಂಭವಾಯಿತು.

ಮನೆಯಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ನನ್ನ ತಟ್ಟೆ ಲೋಟಗಳು ಬೇರೆ ಗೂಡಿಗೆ ಹೋದವು. ಮೂರು ವರ್ಷದ ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸುವುದು ನಿಂತಿತು. ಇದು ಅಮ್ಮನ ಕಟ್ಟಪ್ಪಣೆ. ಅಮ್ಮನನ್ನು ನಾನು ದೂಷಿಸಲಾರೆ. ಅವರ ಸ್ವಂತ ತಂಗಿ ಹದಿನೇಳನೆಯ ವಯಸ್ಸಿನಲ್ಲಿ ಕ್ಷಯದ ಆಸ್ಪತ್ರೆಗೆ ಹೋದವಳು ಹಿಂದಿರುಗಿರಲಿಲ್ಲ. ಆದರೆ ಆ ಭಯಕ್ಕೆ ಉತ್ತರವನ್ನು ನಮ್ಮ ನೆರೆಯ ಮದರಾಸಿನಲ್ಲಿಯೇ ಕಾಲು ಶತಮಾನದ ಹಿಂದೆ ಕಂಡುಕೊಂಡಿದ್ದರು. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವು ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಆರೋಗ್ಯಧಾಮದಲ್ಲಿಯೂ ಮತ್ತೊಂದನ್ನು ಇಕ್ಕಟ್ಟಾದ ಅವರವರ ಮನೆಗಳಲ್ಲಿಯೂ ಇಟ್ಟು ಒಂದೇ ಔಷಧವನ್ನು ಕೊಟ್ಟಿತು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ, ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಒದಗಿರಲಿಲ್ಲ. ಇದು ಶ್ವಾಸಕೋಶದ ಕ್ಷಯದ ಮಾತು. ಕರುಳಿನಲ್ಲಿ ಮಾತ್ರ ಇರುವ ಕ್ಷಯವಂತೂ ತಟ್ಟೆ ಲೋಟದಿಂದ ಹರಡುವಂಥದ್ದಲ್ಲ. ಆದರೆ ಜ್ಞಾನ ಪತ್ರಿಕೆಯಿಂದ ಅಡುಗೆಮನೆಗೆ ಬರಲು ಬಹಳ ಕಾಲ ಹಿಡಿಯುತ್ತದೆ. ಒಂದು ದಿನ ನನ್ನ ಹೆಂಡತಿ ಯಾರಿಗೂ ಹೇಳದೆ ಆ ತಟ್ಟೆ ಲೋಟಗಳನ್ನು ತೊಳೆದು ಎಲ್ಲರ ಪಾತ್ರೆಗಳೊಡನೆ ಬೆರೆಸಿಬಿಟ್ಟಳು. ಅಮ್ಮನಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ. ಅಲ್ಲಿಗೆ ಆ ಪ್ರಕರಣ ಮುಗಿಯಿತು.

ರೋಗ ಮಾತ್ರ ಮುಗಿಯಲಿಲ್ಲ. ಹದಿನೆಂಟು ತಿಂಗಳ ಔಷಧ ಮುಗಿಸಿದ ಮೇಲೂ ನೋವು, ಭೇದಿಗಳು ಮರಳಿದವು. ಮತ್ತೊಂದು ಸುತ್ತು ಅದೇ ಔಷಧ ನಡೆಯಿತು. ಕೊನೆಗೆ 1988ರಲ್ಲಿ ಬೆಂಗಳೂರಿನ ತಜ್ಞರೊಬ್ಬರು ಕೊಲೊನೋಸ್ಕೋಪಿ ಮಾಡಿ, ಕರುಳಿನ ಚೂರುಗಳನ್ನು ಪರೀಕ್ಷೆಗೆ ಕಳಿಸಿದರು. ಕ್ಷಯದ ಸೂಕ್ಷ್ಮಾಣು ಸಿಗಲಿಲ್ಲ. ಕ್ಷಯದ ಗಂಟುಗಳಲ್ಲಿ ಕಾಣುವ, ಗಿಣ್ಣಿನಂತೆ ಸತ್ತ ಅಂಗಾಂಶವೂ ಇರಲಿಲ್ಲ. "ಮೇಷ್ಟ್ರೇ, ಇದು ಕ್ರೋನ್" ಎಂದರು. ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು.

ನಾಲ್ಕು ವರ್ಷ ನನಗೆ ತಪ್ಪು ಔಷಧ ಕೊಟ್ಟರಲ್ಲ ಎಂಬ ಸಿಟ್ಟು ಬಹಳ ಕಾಲ ನನ್ನಲ್ಲಿತ್ತು. ನಿವೃತ್ತನಾದ ಮೇಲೆ ಬಿಡುವಿನಲ್ಲಿ ಈ ರೋಗದ ಚರಿತ್ರೆಯನ್ನು ಓದತೊಡಗಿದಾಗ ಆ ಸಿಟ್ಟು ಸಡಿಲವಾಯಿತು. ಏಕೆಂದರೆ ಇಡೀ ವೈದ್ಯಲೋಕವೇ ಆ ತಪ್ಪನ್ನು ನೂರಾರು ವರ್ಷ ಮಾಡಿದೆ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಸೂಕ್ಷ್ಮಾಣುವನ್ನು ತೋರಿಸಿಕೊಡುವವರೆಗೆ, ಕ್ಷಯ ಯಾವುದು, ಕ್ಷಯದಂತೆ ಕಾಣುವುದು ಯಾವುದು ಎಂದು ಬೇರ್ಪಡಿಸುವ ಖಚಿತವಾದ ದಾರಿಯೇ ಇರಲಿಲ್ಲ. ಕಾಕ್ ಒಂದು ರೋಗದ ಕಾರಣವನ್ನು ಹೇಳಿದಾಗಲೇ, ಆ ಕಾರಣವಿಲ್ಲದ ಮತ್ತೊಂದು ರೋಗ ಬೇರೆಯಾಗಿ ನಿಲ್ಲಲು ಅವಕಾಶವಾಯಿತು.

ಹಾಗೆ ಬೇರೆಯಾಗಿ ಕಂಡವರಲ್ಲಿ ಮೊದಲಿಗರಾಗಿ ಪೋಲೆಂಡಿನವರು 1904ರಲ್ಲಿ ಬರೆದ ತಮ್ಮ ಶಸ್ತ್ರವೈದ್ಯ ಆಂಟೋನಿ ಲೆಶ್ನಿಯೋವ್‌ಸ್ಕಿಯನ್ನು ಹೆಸರಿಸುತ್ತಾರೆ. ಅಲ್ಲಿ ಇಂದಿಗೂ ಈ ರೋಗಕ್ಕೆ ಇಬ್ಬರ ಹೆಸರೂ ಇದೆ. 1913ರಲ್ಲಿ ಗ್ಲಾಸ್ಗೋ ನಗರದ ಕೆನೆಡಿ ಡಾಲ್ಜಿಯೆಲ್ ಎಂಬ ಶಸ್ತ್ರವೈದ್ಯರು ಇಂತಹ ಒಂಬತ್ತು ರೋಗಿಗಳ ವಿವರವನ್ನು ಪ್ರಕಟಿಸಿದರು. ನೋಡಲು ಕ್ಷಯದಂತಿದ್ದರೂ ಅದರ ಸೂಕ್ಷ್ಮಾಣು ಇಲ್ಲ ಎಂಬುದನ್ನು ಗಮನಿಸಿ, ದನಗಳಿಗೆ ಬರುವ ಯೋನೆ ರೋಗಕ್ಕೆ ಇದನ್ನು ಹೋಲಿಸಿದರು. ಮರುವರ್ಷವೇ ಮಹಾಯುದ್ಧ ಬಂತು. ಅವರ ಲೇಖನವನ್ನು ಲೋಕ ಮರೆಯಿತು.

ನಂತರ 1932. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಆಪನ್‌ಹೈಮರ್ ಎಂಬ ಮೂವರು ಹದಿನಾಲ್ಕು ರೋಗಿಗಳನ್ನು ಕುರಿತು ಬರೆದರು. ಸಣ್ಣ ಕರುಳಿನ ತುದಿಯ ಈ ಉರಿಯೂತ ಕ್ಷಯವೂ ಅಲ್ಲ, ಗಂತಿಯೂ ಅಲ್ಲ, ತನ್ನಷ್ಟಕ್ಕೆ ತಾನೇ ಒಂದು ರೋಗವೆಂಬುದು ಅವರ ವಾದ. ಆ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯ ಬರ್ಗ್ ಅವರ ಹೆಸರನ್ನೂ ಸೇರಿಸುವ ಮಾತು ಬಂದಾಗ, ತಾವು ಬರೆಯದ ಲೇಖನಕ್ಕೆ ತಮ್ಮ ಹೆಸರು ಬೇಡವೆಂದು ಅವರು ನಿರಾಕರಿಸಿದರಂತೆ. ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಹಾಕಿದ್ದರಿಂದ ಕ್ರೋನ್ ಮೊದಲಿಗರಾದರು. ಬರ್ಗ್ ಒಪ್ಪಿದ್ದರೆ ಇಂದು ನನಗಿರುವುದು ಬರ್ಗ್ ಕಾಯಿಲೆಯಾಗಿರುತ್ತಿತ್ತು! ಚರಿತ್ರೆಯಲ್ಲಿ ಹೆಸರು ಉಳಿಯುವುದು ಎಂತೆಂತಹ ಕಾರಣಗಳಿಗೆ ಎಂದು ನಿಮಗೆ ತರಗತಿಯಲ್ಲಿ ಹೇಳುತ್ತಿದ್ದೆನಷ್ಟೆ. ಕ್ರೋನ್ 1983ರಲ್ಲಿ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂದರೆ ನನಗೆ ನೋವು ಕಾಣಿಸಿಕೊಳ್ಳುವ ಹಿಂದಿನ ವರ್ಷದವರೆಗೂ ಬದುಕಿದ್ದರು.

ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದರೆ ರೋಗ ಗುಣವಾಗುತ್ತದೆಂದು ಆ ಮೂವರೂ ಮೊದಲು ನಂಬಿದ್ದರು. ಕಾಲ ಅದನ್ನು ಸುಳ್ಳಾಗಿಸಿತು. ಉರಿಯೂತ ಕತ್ತರಿಸಿದ ಅಂಚಿನಲ್ಲಿಯೇ ಮತ್ತೆ ಹುಟ್ಟುತ್ತಿತ್ತು. ಅದು ಕರುಳಿನ ಒಂದು ತುದಿಯ ರೋಗವಲ್ಲ, ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಅಲ್ಲಲ್ಲಿ ಬಿಟ್ಟು ಬಿಟ್ಟು ಬರಬಲ್ಲದೆಂದು ತಿಳಿಯಿತು. 1956ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಇದೇ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾಯಿತು. ನವೆಂಬರಿನಲ್ಲಿ ಅವರು ಎರಡನೆಯ ಸಲ ಚುನಾವಣೆ ಗೆದ್ದರು. ಈ ರೋಗವಿಟ್ಟುಕೊಂಡು ಕೆಲಸ ಮಾಡಲಾಗದು ಎಂದು ಯಾರಾದರೂ ನಿರುತ್ಸಾಹಗೊಳಿಸಿದರೆ ಈ ಉದಾಹರಣೆ ಕೊಡಿ.

ಇನ್ನು ಔಷಧಗಳ ಕಥೆ. ಇದರ ವಿಚಿತ್ರವೆಂದರೆ ಮೊದಲ ಔಷಧಗಳಲ್ಲಿ ಹೆಚ್ಚಿನವು ಬೇರೆ ರೋಗಗಳಿಗಾಗಿ ಹುಟ್ಟಿದಂಥವು. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ಯೋಜಿಸಿದ ಸಲ್ಫಸಲಜೀನ್ ಕರುಳಿಗೆ ಬಂತು. ಸಂಧಿವಾತದಲ್ಲಿ 1948ರಲ್ಲಿ ಪವಾಡ ತೋರಿಸಿದ ಕಾರ್ಟಿಸೋನ್ ಕೂಡ ಕರುಳಿಗೆ ಬಂತು. 1988ರಲ್ಲಿ ನನಗೆ ಕೊಟ್ಟದ್ದು ಇದೇ ಕಾರ್ಟಿಸೋನ್ ವಂಶದ ಪ್ರೆಡ್ನಿಸೊಲೋನ್. ಎರಡೇ ವಾರದಲ್ಲಿ ನೋವು ಮಾಯವಾಯಿತು. ಹಸಿವು ಭುಗಿಲೆದ್ದಿತು. ಮುಖ ಪೂರ್ಣಚಂದ್ರನಂತಾಯಿತು. ಶಾಲೆಯಲ್ಲಿ ಸಹೋದ್ಯೋಗಿಗಳು "ಏನ್ರೀ, ಮೈ ಕೈ ತುಂಬಿಕೊಂಡಿದ್ದೀರಿ" ಎಂದು ಸಂತೋಷಪಟ್ಟರು. ಅದು ಆರೋಗ್ಯವಲ್ಲ, ಔಷಧದ ಊತ ಎಂದು ಯಾರಿಗೆ ಹೇಳುವುದು? ಮಾತ್ರೆ ಇಳಿಸುತ್ತ ಬಂದಂತೆ ನೋವು ಏರುತ್ತ ಬರುತ್ತಿತ್ತು.

ಇದು ನನ್ನೊಬ್ಬನ ಅನುಭವವಲ್ಲ. 1979ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಸ್ಟೀರಾಯ್ಡ್ ಎದ್ದ ಬೆಂಕಿಯನ್ನು ಆರಿಸುತ್ತದೆಯೇ ಹೊರತು ಮತ್ತೆ ಏಳದಂತೆ ಕಾಯುವುದಿಲ್ಲವೆಂದು ತೋರಿಸಿತು. ಅದೇ ಅಧ್ಯಯನ ಅಜಥಯೋಪ್ರಿನ್ ಎಂಬ ಮತ್ತೊಂದು ಔಷಧವನ್ನು ಹದಿನೇಳು ವಾರ ಕೊಟ್ಟು ನೋಡಿ, ಪ್ರಯೋಜನ ಕಾಣಲಿಲ್ಲವೆಂದು ವರದಿ ಮಾಡಿತು. ಆದರೆ ಮರುವರ್ಷ, 1980ರಲ್ಲಿ, ನ್ಯೂಯಾರ್ಕಿನ ಡೇನಿಯಲ್ ಪ್ರೆಸೆಂಟ್ ಮತ್ತು ಬರ್ಟನ್ ಕೋರೆಲಿಟ್ಸ್ ಅದರ ಸೋದರ ಔಷಧವಾದ ಮರ್‌ಕ್ಯಾಪ್ಟೋಪ್ಯುರಿನ್ ಅನ್ನು ಎಂಬತ್ತಮೂರು ರೋಗಿಗಳಲ್ಲಿ ಎರಡು ವರ್ಷ ತಾಳ್ಮೆಯಿಂದ ಗಮನಿಸಿದರು. ಅದು ಕೆಲಸ ಮಾಡುತ್ತಿತ್ತು. ಆದರೆ ಫಲ ಕಾಣಲು ಸರಾಸರಿ ಮೂರು ತಿಂಗಳು, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗಿತ್ತು. ಇವೆರಡೂ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ ಬಂದ ಔಷಧಗಳು. ಒಂದು ರಕ್ತದ ಕ್ಯಾನ್ಸರಿಗೆ, ಮತ್ತೊಂದು ಮೂತ್ರಪಿಂಡ ಕಸಿಗೆ ಮೊದಲು ಬಳಕೆಯಾದವು. ಅವರಿಬ್ಬರಿಗೂ 1988ರಲ್ಲಿ ನೊಬೆಲ್ ಬಂತು.

ನನಗೆ ಅಜಥಯೋಪ್ರಿನ್ ಆರಂಭವಾದದ್ದು 1990ರಲ್ಲಿ. ಆಗಾಗ ರಕ್ತಪರೀಕ್ಷೆ ಮಾಡಿಸಬೇಕಿತ್ತು, ಬಿಳಿ ರಕ್ತಕಣ ಇಳಿಯಬಾರದೆಂದು. ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎಚ್ಚರವಾದಾಗ ಹೊಟ್ಟೆಯ ನೆನಪೇ ಆಗಲಿಲ್ಲ. ಹೊಟ್ಟೆ ಇದೆಯೆಂಬುದು ಮರೆತುಹೋಗುವುದೇ ಆರೋಗ್ಯ ಎಂದು ನನಗೆ ಅಂದು ತಿಳಿಯಿತು. ನೀವು "ಮನಸ್ಸಿನಲ್ಲೇ" ಓದುವ ಪ್ರಸಂಗಗಳು ಆಮೇಲೆ ನಿಂತವು. ತೊಂಬತ್ತರ ದಶಕದ ವಿದ್ಯಾರ್ಥಿಗಳಿಗೆ ನನ್ನ ಅಡ್ಡಹೆಸರಿನ ಅರ್ಥವೇ ಗೊತ್ತಿರಲಿಲ್ಲ.

ಈಗ ನನ್ನ ತಪ್ಪನ್ನು ಹೇಳಬೇಕು. 1996ರಲ್ಲಿ ನಾನು ಮಾತ್ರೆ ನಿಲ್ಲಿಸಿದೆ. ಯಾರೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಆರು ವರ್ಷ ಚೆನ್ನಾಗಿದ್ದೆ. ಚೆನ್ನಾಗಿರುವವನಿಗೆ ಮಾತ್ರೆ ಏಕೆ ಎಂಬ ತರ್ಕ. ಕ್ಷಯದ ಔಷಧಕ್ಕೆ ಹದಿನೆಂಟು ತಿಂಗಳ ಗಡಿಯಿತ್ತಲ್ಲ, ಇದಕ್ಕೂ ಎಲ್ಲೋ ಒಂದು ಗಡಿ ಇರಬೇಕೆಂದುಕೊಂಡೆ. ಮದರಾಸಿನ ಅದೇ ಕ್ಷಯ ಕೇಂದ್ರದವರು ರೋಗಿಗಳ ಮನೆಗೆ ಮುನ್ಸೂಚನೆಯಿಲ್ಲದೆ ಹೋಗಿ, ಉಳಿದ ಮಾತ್ರೆಗಳನ್ನು ಎಣಿಸಿ, ಮೂತ್ರವನ್ನು ಪರೀಕ್ಷಿಸಿ, ಎಷ್ಟೋ ಜನ ಔಷಧವನ್ನು ಸರಿಯಾಗಿ ಸೇವಿಸುತ್ತಿಲ್ಲವೆಂದು ಕಂಡಿದ್ದರು. ಕಣ್ಣೆದುರಿನಲ್ಲಿಯೇ ಮಾತ್ರೆ ನುಂಗಿಸುವ ಪದ್ಧತಿ ಬೆಳೆದದ್ದು ಆ ಅನುಭವದಿಂದ. ಆ ಪಾಠ ನನ್ನಂತಹ ಓದಿದವನಿಗೇ ಹೆಚ್ಚು ಬೇಕಾಗಿತ್ತು.

ಎರಡು ವರ್ಷ ಏನೂ ಆಗಲಿಲ್ಲ. 1998ರ ಬೇಸಿಗೆಯಲ್ಲಿ, ಮಗಳ ಪರೀಕ್ಷೆಯ ದಿನಗಳಲ್ಲಿ, ಹೊಟ್ಟೆ ಉಬ್ಬಿ ವಾಂತಿ ಶುರುವಾಯಿತು. ಕರುಳಿನ ದಾರಿ ಮುಚ್ಚಿತ್ತು. ಸದ್ದಿಲ್ಲದೆ ಎರಡು ವರ್ಷ ಉರಿದ ಬೆಂಕಿ ಗಾಯದ ಮೇಲೆ ಗಾಯ ಮಾಡಿ, ಗಾಯ ಮಾಗಿದಲ್ಲೆಲ್ಲ ಕರುಳನ್ನು ಬಿಗಿದಿತ್ತು. ಮೂರು ಕಡೆ ಇಕ್ಕಟ್ಟು. ಮೂರನ್ನೂ ಕತ್ತರಿಸಿ ತೆಗೆದರೆ ಅನ್ನದ ಸಾರ ಹೀರಲು ಕರುಳು ಸಾಲದೆ ಹೋಗಬಹುದಿತ್ತು.

ಶಸ್ತ್ರವೈದ್ಯರು ಕ್ಷಕಿರಣ ಚಿತ್ರದ ಲಕೋಟೆಯ ಮೇಲೆ ಪೆನ್ನಿನಿಂದ ಬರೆದು ತೋರಿಸಿದರು. ತೀರ ಕೆಟ್ಟಿರುವ ಒಂದು ಭಾಗವನ್ನು ತೆಗೆಯುತ್ತೇವೆ. ಉಳಿದ ಎರಡು ಕಡೆ ಏನನ್ನೂ ತೆಗೆಯುವುದಿಲ್ಲ. ಇಕ್ಕಟ್ಟಾದ ಕರುಳನ್ನು ಉದ್ದಕ್ಕೆ ಸೀಳಿ, ಆ ಸೀಳನ್ನು ಅಡ್ಡಕ್ಕೆ ಹೊಲಿಯುತ್ತೇವೆ. ಕರುಳು ಆ ಜಾಗದಲ್ಲಿ ಸ್ವಲ್ಪ ಗಿಡ್ಡವಾಗಿ, ಅಗಲವಾಗುತ್ತದೆ. ಅಂಗಿಯ ಬಿಗಿತೋಳನ್ನು ದರ್ಜಿ ಸಡಿಲಿಸಿದ ಹಾಗೆ. ನಾನು ಕೇಳಿದೆ, "ಇದು ಅಮೆರಿಕದವರ ವಿಧಾನವೇ?" ಅವರು ನಕ್ಕರು. "ಅಲ್ಲ ಮೇಷ್ಟ್ರೇ, ನಮ್ಮ ಚಂಡೀಗಢದವರು ಕರುಳಿನ ಕ್ಷಯಕ್ಕೆಂದು ಮಾಡಿದ್ದು."

ಆಮೇಲೆ ಓದಿ ನೋಡಿದೆ. ಮಾತು ನಿಜ. ಚಂಡೀಗಢದ ಕಟಾರಿಯಾ ಮತ್ತು ಅವರ ಸಹೋದ್ಯೋಗಿಗಳು, ಕ್ಷಯದಿಂದ ಕರುಳು ಹಲವು ಕಡೆ ಬಿಗಿದುಕೊಂಡ ರೋಗಿಗಳಲ್ಲಿ ಈ ಕ್ರಮವನ್ನು ಅನುಸರಿಸಿ 1977ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಕ್ಸ್‌ಫರ್ಡಿನ ಇಮ್ಯಾನುಯೆಲ್ ಲೀ ಅದನ್ನೇ ಕ್ರೋನ್ ರೋಗಿಗಳಿಗೆ ಅಳವಡಿಸಿ 1982ರಲ್ಲಿ ಬರೆದರು. ಉರಿಯೂತವಿರುವ ಕರುಳಿಗೆ ಹೊಲಿಗೆ ಹಾಕಿದರೆ ನಿಲ್ಲದು ಎಂಬ ಹಳೆಯ ಭಯ ಅಲ್ಲಿಂದ ಕರಗುತ್ತ ಬಂತು. ಯಾವ ಕ್ಷಯವೆಂದು ತಪ್ಪಾಗಿ ತಿಳಿದು ನನ್ನ ನಾಲ್ಕು ವರ್ಷ ಹೋಯಿತೋ, ಅದೇ ಕ್ಷಯದ ರೋಗಿಗಳ ಕರುಳಿನಲ್ಲಿ ಕಲಿತ ವಿದ್ಯೆ ನನ್ನ ಕರುಳನ್ನು ಉಳಿಸಿತು. ಅವರಲ್ಲಿ ಬಹುಪಾಲು ಬಡವರಾಗಿದ್ದಿರಬೇಕು. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಇಲ್ಲ. ಅಂದಿನಿಂದ ಕ್ಷಯವೆಂಬ ಪದವನ್ನು ನಾನು ಅಸಹ್ಯದಿಂದ ಉಚ್ಚರಿಸಿಲ್ಲ.

ಈ ಎರಡು ರೋಗಗಳ ನಂಟು ಅಲ್ಲಿಗೂ ತೀರಲಿಲ್ಲ. ಅಜಥಯೋಪ್ರಿನ್ ಮತ್ತೆ ಆರಂಭಿಸಿ ಹಲವು ವರ್ಷ ಸುಖವಾಗಿದ್ದೆ. 2017ರಲ್ಲಿ ಅದೂ ಸೋತಿತು. ಆಗ ವೈದ್ಯರು ಹೊಸ ಬಗೆಯ ಜೈವಿಕ ಚುಚ್ಚುಮದ್ದನ್ನು ಸೂಚಿಸಿದರು. ಉರಿಯೂತಕ್ಕೆ ದೇಹ ಕಳಿಸುವ ಟಿಎನ್‌ಎಫ್ ಎಂಬ ಸಂದೇಶವಾಹಕವನ್ನು ಹಿಡಿದು ನಿಲ್ಲಿಸುವ ಔಷಧ ಇದು. ಈ ವರ್ಗದ ಮೊದಲ ಔಷಧ ಇನ್‌ಫ್ಲಿಕ್ಸಿಮ್ಯಾಬ್ ನ್ಯೂಯಾರ್ಕಿನ ಯಾನ್ ವಿಲ್ಚೆಕ್ ಮತ್ತು ಜುನ್ಮಿಂಗ್ ಲೆ ಅವರ ಕೆಲಸದಿಂದ ಬಂದದ್ದು. ಆಮ್‌ಸ್ಟರ್‌ಡ್ಯಾಮಿನ ವೈದ್ಯರು, ಯಾವ ಔಷಧಕ್ಕೂ ಬಗ್ಗದ ಕ್ರೋನ್ ಇದ್ದ ಒಬ್ಬ ಹುಡುಗಿಗೆ ಅದನ್ನು ಕೊಟ್ಟು ಚೇತರಿಕೆ ಕಂಡದ್ದನ್ನು 1993ರಲ್ಲಿ ವರದಿ ಮಾಡಿದರು. 1998ರಲ್ಲಿ ಅಮೆರಿಕದಲ್ಲಿ ಕ್ರೋನ್‌ಗೆ ಅದರ ಬಳಕೆಗೆ ಅನುಮತಿ ದೊರೆಯಿತು. ನಾನು ಶಸ್ತ್ರಚಿಕಿತ್ಸೆಯ ಹಾಸಿಗೆಯಲ್ಲಿದ್ದ ವರ್ಷವೇ!

ಆದರೆ 2001ರಲ್ಲಿ ಒಂದು ಎಚ್ಚರಿಕೆ ಬಂತು. ಈ ಔಷಧ ಪಡೆದವರಲ್ಲಿ ಎಪ್ಪತ್ತು ಮಂದಿಗೆ ಕ್ಷಯ ತಲೆಯೆತ್ತಿತ್ತು. ನಮ್ಮಲ್ಲಿ ಅನೇಕರ ದೇಹದಲ್ಲಿ ಕ್ಷಯದ ಸೂಕ್ಷ್ಮಾಣು ಯಾವಾಗಲೋ ಹೊಕ್ಕು, ರಕ್ಷಣಾಕಣಗಳ ಕೋಟೆಯೊಳಗೆ ಬಂದಿಯಾಗಿ ಮಲಗಿರುತ್ತದೆ. ಆ ಕೋಟೆಯನ್ನು ಕಾಯುವುದು ಇದೇ ಟಿಎನ್‌ಎಫ್. ಕಾವಲುಗಾರನನ್ನು ಕಳಿಸಿದರೆ ಬಂದಿ ಎದ್ದು ಹೊರಬರುತ್ತಾನೆ. ಹೀಗಾಗಿ ನನ್ನ ಎದೆಯ ಕ್ಷಕಿರಣ ಚಿತ್ರ, ಚರ್ಮದ ಪರೀಕ್ಷೆ, ರಕ್ತಪರೀಕ್ಷೆ ಎಲ್ಲ ನಡೆದವು. ಸುಪ್ತ ಕ್ಷಯದ ಸುಳಿವು ಸಿಕ್ಕಿತು. ಚುಚ್ಚುಮದ್ದಿಗೆ ಮುಂಚೆ ವೈದ್ಯರು ಬರೆದುಕೊಟ್ಟ ಚೀಟಿ ನೋಡಿ ನನಗೆ ನಗು ಬಂತು. ಐಸೋನಿಯಾಜಿಡ್! ಮೂವತ್ತಮೂರು ವರ್ಷದ ಹಿಂದೆ ತಪ್ಪಾಗಿ ನುಂಗಿದ ಮಾತ್ರೆಯನ್ನು ಈಗ ಸರಿಯಾದ ಕಾರಣಕ್ಕೆ ನುಂಗಿದೆ. ಚುಚ್ಚುಮದ್ದು ದುಬಾರಿಯೇ. ಆದರೂ 2014ರ ಕೊನೆಯಲ್ಲಿ ಝೈಡಸ್ ಕಂಪನಿ ಅಡಾಲಿಮುಮ್ಯಾಬ್ ಎಂಬ ಇದೇ ವರ್ಗದ ಔಷಧದ ದೇಶೀ ರೂಪವನ್ನು ತಂದಿತ್ತು. ನಿವೃತ್ತ ಶಿಕ್ಷಕನ ಪಿಂಚಣಿಗೆ ಅದು ಹೇಗೋ ಎಟುಕಿತು. ಹದಿನೈದು ದಿನಕ್ಕೊಮ್ಮೆ ನನ್ನ ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳುತ್ತೇನೆ. ಕರುಳಿನ ತುದಿಯನ್ನು ಕಳೆದುಕೊಂಡದ್ದರಿಂದ ಬಿ12 ಜೀವಸತ್ವವನ್ನೂ ಚುಚ್ಚುಮದ್ದಿನ ಮೂಲಕವೇ ಪಡೆಯಬೇಕು.

ಉಳಿದಂತೆ ಬದುಕು ಬದುಕಿನಂತೆಯೇ ಇದೆ. ಮದುವೆಮನೆಗೆ ಹೋದರೆ ಮೊದಲು ಶೌಚಾಲಯ ಎಲ್ಲಿದೆಯೆಂದು ನೋಡಿಕೊಂಡು, ಪಂಕ್ತಿಯ ಕೊನೆಯ ಎಲೆಗೆ ಕೂರುತ್ತೇನೆ. ನಾರು ನಾರಾದ ನುಗ್ಗೆಕಾಯಿ, ಹಲಸಿನ ತೊಳೆಗಳನ್ನು ದೂರದಿಂದಲೇ ನಮಸ್ಕರಿಸುತ್ತೇನೆ. ಮೆತ್ತಗಿನ ಅನ್ನ, ಮೊಸರು, ಬೇಳೆಯ ಕಟ್ಟು ನನಗೆ ಹಿಡಿಸುತ್ತವೆ. ಇನ್ನೊಬ್ಬರಿಗೆ ಹಿಡಿಸುವುದು ಬೇರೆ ಇರಬಹುದು.

ಇನ್ನು ಆ ತಾಯಿಯ ಪ್ರಶ್ನೆ. ಎಷ್ಟು ತಿಂಗಳು? ಅಮ್ಮಾ, ಈ ರೋಗಕ್ಕೆ ಇಂದಿಗೂ ಪೂರ್ಣ ಗುಣವೆಂಬುದಿಲ್ಲ. ಉಪಶಮನವಿದೆ. ಅದು ವರ್ಷಗಟ್ಟಲೆ, ದಶಕಗಟ್ಟಲೆ ಇರಬಲ್ಲದು. ಆದರೆ ಅದನ್ನು ಕಾಯಬೇಕು. ಔಷಧ ಬದಲಾಗಬಹುದು, ಕಡಿಮೆಯೂ ಆಗಬಹುದು. ಅದನ್ನು ವೈದ್ಯರು ಪರೀಕ್ಷೆ ಮಾಡಿ ನಿರ್ಧರಿಸಲಿ. ಚೆನ್ನಾಗಿದ್ದೇನೆ ಎಂಬ ಕಾರಣಕ್ಕೆ ನಿಮ್ಮ ಹುಡುಗ ತಾನೇ ನಿಲ್ಲಿಸದಿರಲಿ. ಚೆನ್ನಾಗಿರುವುದು ಆ ಔಷಧದ ಕೆಲಸವೇ. ನಾನು ಎರಡು ವರ್ಷದ ಮಾತ್ರೆ ಉಳಿಸಿ ಒಂದು ಮೊಳ ಕರುಳನ್ನು ತೆತ್ತವನು. ಇಷ್ಟು ಹೇಳಲು ನನಗೆ ಅಧಿಕಾರವಿದೆ. ಅವನು ಓದಲಿ, ಕೆಲಸಕ್ಕೆ ಹೋಗಲಿ, ಮದುವೆಯಾಗಲಿ. ಬೀಡಿ ಸಿಗರೇಟಿನ ಹತ್ತಿರ ಮಾತ್ರ ಸುಳಿಯದಿರಲಿ, ಅದು ಈ ರೋಗವನ್ನು ಕೆರಳಿಸುತ್ತದೆ. ತರಗತಿಯ ನಡುವೆ ಎದ್ದು ಹೋಗಬೇಕಾದರೆ ಸಂಕೋಚಪಡದೆ ಹೋಗಲಿ. ಅವನ ಮೇಷ್ಟ್ರುಗಳಿಗೆ ನೀವೇ ಮೊದಲು ತಿಳಿಸಿಡಿ. ನಾನು ಯಾರಿಗೂ ತಿಳಿಸದೆ ಸುಮ್ಮನೆ ಒದ್ದಾಡಿದೆ.

ವೈದ್ಯರಾಗಿರುವ ನನ್ನ ಶಿಷ್ಯರು ಇದರಲ್ಲಿ ತಪ್ಪೇನಾದರೂ ಕಂಡರೆ ತಿದ್ದಬೇಕಾಗಿ ಕೋರುತ್ತೇನೆ. ಹಿಂದೆ ನಾನು ನಿಮ್ಮ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿ ಧಾರಾಳವಾಗಿಯೇ ಬಳಸಿದ್ದೇನೆ. ಈಗ ನಿಮ್ಮ ಸರದಿ. ಅಂದು ಮನಸ್ಸಿನಲ್ಲೇ ಓದಿಕೊಳ್ಳಿ ಎಂದು ಬಿಟ್ಟುಹೋದ ಪ್ಯಾರಾಗಳಿಗೆಲ್ಲ ಕ್ಷಮೆಯಿರಲಿ.